ಯಾರ ಮನೆಯ ಅಳತೆಗೋಲು?

ಮಗುವಿನ ಸ್ವಭಾವ ಅಳೆಯುವ ಪ್ರಶ್ನಾವಳಿಯೂ ಒಂದು ಬಗೆಯ ಬರವಣಿಗೆಯೇ. ಕತೆ ಕಾದಂಬರಿಗಳಿಗೆ ನಾವು ಹಾಕುವ ಪ್ರಶ್ನೆಯನ್ನೇ ಇದಕ್ಕೂ ಹಾಕಬೇಕಾಗಿದೆ: ಬರೆದವರ ಕಣ್ಣ ಮುಂದಿದ್ದದ್ದು ಯಾರ ಮನೆ?

ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಿಂದ 133 ಮಕ್ಕಳನ್ನು ಹಸುಗೂಸಿನಿಂದಲೇ ಗಮನಿಸತೊಡಗಿದರು. ಚಟುವಟಿಕೆ, ಊಟ-ನಿದ್ದೆಯ ಕ್ರಮ, ಹೊಸದಕ್ಕೆ ಒಗ್ಗುವ ಬಗೆ, ಹೀಗೆ ಒಂಬತ್ತು ಗುಣ ಗುರುತಿಸಿ ಸುಲಭದ ಮಗು, ಕಷ್ಟದ ಮಗು, ನಿಧಾನದ ಮಗು ಎಂದು ಹೆಸರಿಟ್ಟರು. ಚಂಡೀಗಢದ ಸವಿತಾ ಮಲ್ಹೋತ್ರ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ನಮ್ಮ ದೇಶಕ್ಕೆ ಒಗ್ಗಿಸಿದರು. 2001ರಲ್ಲಿ ಅಮೆರಿಕದ ಮೇರಿ ರಾತ್‌ಬಾರ್ಟ್ ತಂಡ ಪ್ರಕಟಿಸಿದ, 3ರಿಂದ 7 ವರ್ಷದ ಮಕ್ಕಳ ಪ್ರಶ್ನಾವಳಿಯಲ್ಲಿ 195 ಅಂಶಗಳಿವೆ. ಹೆತ್ತವರು ಓದಿ, ಒಂದರಿಂದ ಏಳರ ತನಕ ಅಂಕ ಕೊಡಬೇಕು.

ಇಂಥ ಕಾಗದವೊಂದನ್ನು ಬೆಂಗಳೂರಿನ ಶ್ರೀರಾಂಪುರಕ್ಕೆ ತನ್ನಿ. ರೈಲು ಹಳಿಯ ಆಚೆಗೆ ಮಲ್ಲೇಶ್ವರ. ಈಚೆಗೆ ಗಿರಣಿಯಲ್ಲಿ ದುಡಿಯಲು ಬಂದವರು ನೆಲೆ ನಿಂತ ಗಲ್ಲಿಗಳು. ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿದೆ. ಒಂದೇ ಕೋಣೆಯ ಮನೆಗಳು ಹಾಗೇ ಉಳಿದಿವೆ. ಬೆಳಕು ಹರಿಯೋ ಮುಂಚೆ ಬೀದಿ ಗುಡಿಸೋಕೆ ಹೋಗೋ ತಾಯಿಯನ್ನು, ‘ಮಗು ಹೊತ್ತಿಗೆ ಸರಿಯಾಗಿ ಮಲಗುತ್ತದೆಯೇ’ ಅಂತ ಕೇಳಿದರೆ ಏನಂದಾಳು? ದೊಡ್ಡವರು ಉಂಡು, ಪಾತ್ರೆ ಸರಿಸಿ, ಚಾಪೆ ಹಾಸಿದ ಮೇಲೆ ತಾನೆ ಮಗುವಿಗೆ ಜಾಗ? ‘ಒಂದು ಕಡೆ ಕೂರುತ್ತದೆಯೇ’ ಅಂದರೆ, ಒಲೆ ಉರಿಯೋ ಕೋಣೆಯಲ್ಲಿ ಓಡಿದರೂ ಏಟು, ಬೈಕು ನುಗ್ಗೋ ಗಲ್ಲಿಯಲ್ಲಿ ಓಡಿದರೂ ಏಟು. ಅಂಗಳ ಇರುವ ಮನೆಯಲ್ಲಿ ‘ಚೂಟಿ’ ಅನ್ನಿಸಿಕೊಳ್ಳುವ ಮಗು ಇಲ್ಲಿ ‘ತಂಟೆಕೋರ’. ಅಂಕ ಬಿದ್ದದ್ದು ಮಗುವಿಗೆ, ಅಳತೆಯಾದದ್ದು ಕೋಣೆ.

ಇದು ಬರೀ ನಮ್ಮ ಸಿಟ್ಟಿನ ಮಾತಲ್ಲ. ಥಾಮಸ್ ಮತ್ತು ಚೆಸ್ ಅವರೇ ಕಂಡದ್ದು. ಮಧ್ಯಮ ವರ್ಗದ ಮಕ್ಕಳ ಜೊತೆಗೆ ಅವರು ಪೋರ್ಟೊರಿಕೊ ಮೂಲದ ದುಡಿಯುವ ಜನರ ಮಕ್ಕಳನ್ನೂ ನೋಡಿದರು. ಅಲ್ಲಿ ಅತಿ ಚಟುವಟಿಕೆಯೇ ದೊಡ್ಡ ದೂರು. ಯಾಕೆಂದರೆ ಮನೆ ಇಕ್ಕಟ್ಟು, ಬೀದಿ ಅಪಾಯ. ನಿದ್ದೆಯ ಹೊತ್ತು ತಪ್ಪುವುದು ಶಾಲೆಗೆ ಸೇರುವ ತನಕ ದೂರೇ ಆಗಿರಲಿಲ್ಲ. ಗುಣವೊಂದೇ ಅಲ್ಲ, ಗುಣಕ್ಕೂ ಬದುಕಿಗೂ ಇರುವ ಹೊಂದಿಕೆ ಮುಖ್ಯ ಎಂದು ಅವರು ಹೇಳಿದರು.

ಇನ್ನೊಂದು ಲೆಕ್ಕ ನೋಡಿ. ಮಾರ್ಟೆನ್ ಡಿವ್ರೀಸ್ 1974ರಲ್ಲಿ ಕೀನ್ಯಾದ ಮಸಾಯಿ ಜನರ ಕೂಸುಗಳನ್ನು ಅಳೆದರು. ಬರ ಬಿತ್ತು. ಮತ್ತೆ ಹುಡುಕಿದಾಗ ಸಿಕ್ಕ ಕುಟುಂಬಗಳಲ್ಲಿ ‘ಸುಲಭದ’ 7 ಕೂಸುಗಳ ಪೈಕಿ 5 ಸತ್ತಿದ್ದವು. ‘ಕಷ್ಟದ’ 6ರಲ್ಲಿ ಸತ್ತದ್ದು ಒಂದೇ. ಸಣ್ಣ ಲೆಕ್ಕ, ನಿಜ. ಆದರೂ ಬರಗಾಲದಲ್ಲಿ ಗಲಾಟೆ ಮಾಡಿ ಅತ್ತ ಕೂಸಿಗೇ ಹಾಲು ಸಿಕ್ಕಿರಬೇಕು ಎಂದು ತೋರುತ್ತದೆ. ಹೊಟ್ಟೆ ತುಂಬಿದವರ ಪಟ್ಟಿಯಲ್ಲಿ ಕಷ್ಟದ ಗುಣ ಎನಿಸಿದ್ದು ಹಸಿದವರಲ್ಲಿ ಜೀವ ಉಳಿಸುವ ಗುಣ.

ನಮ್ಮ ನಾಡಿನಲ್ಲಿ ಈ ವಿಚಾರ ಇನ್ನೂ ಹರಿತ. ‘ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಅನ್ನೋ ಗಾದೆಯನ್ನು ನಮ್ಮ ಕೇರಿಯ ಮಕ್ಕಳು ಕೇಳುತ್ತಲೇ ಬೆಳೆದಿದ್ದಾರೆ. ಅಲ್ಲಿ ಗುಣ ಅಂದರೆ ಜಾತಿ. ಬೈಗುಳವಾಗಿದ್ದಾಗ ಎದುರು ಮಾತಾಡಬಹುದಿತ್ತು. ಅದೇ ಅಂಕವಾಗಿ ಬಂದರೆ ಯಾರ ಹತ್ತಿರ ಜಗಳ ಆಡೋದು?

ಅಳತೆಯೇ ಬೇಡ ಎಂಬುದು ನಮ್ಮ ವಾದವಲ್ಲ. ಕರ್ನಾಟಕದ ಮೊದಲ ಅಂಗನವಾಡಿಗಳು 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದವು. ಅಂಗನವಾಡಿಯಲ್ಲಿ ಮಗುವನ್ನು ತೂಗುತ್ತಾರೆ. ತೂಕ ಇಳಿದರೆ ಅನ್ನ ಸಾಲದು ಅನ್ನುತ್ತಾರೆಯೇ ಹೊರತು ಹುಟ್ಟುಗುಣ ಅನ್ನುವುದಿಲ್ಲ. ಸ್ವಭಾವ ಅಳೆಯುವವರಿಗೂ ಇಷ್ಟೇ ನ್ಯಾಯ ಬೇಕು. ಮಗುವಿನ ಅಂಕದ ಪಕ್ಕದಲ್ಲಿ ಕೋಣೆಯ ಅಗಲ, ತಾಯಿಯ ದುಡಿಮೆಯ ಗಂಟೆ, ಆಡಲು ಇರುವ ಜಾಗ ದಾಖಲಾಗಲಿ. ಪ್ರಶ್ನೆಗಳು ಕೇರಿಯ ತಾಯಂದಿರ ಬಾಯಲ್ಲಿ ಹುಟ್ಟಲಿ. ಮೇಷ್ಟ್ರಾಗಿರುವ ಗೆಳೆಯರು ಒಂದನೇ ತರಗತಿಯ ಮಗುವನ್ನು ‘ಮೊಂಡ’ ಎಂದು ಬರೆಯುವ ಮೊದಲು ಅದರ ಮನೆ ನೋಡಿ ಬರಲಿ.

2006ರಲ್ಲಿ ರಾತ್‌ಬಾರ್ಟ್ ಪ್ರಶ್ನಾವಳಿಯ 36 ಅಂಶಗಳ ಚಿಕ್ಕ ರೂಪವೂ ಬಂತು. ಪ್ರಶ್ನೆ ಕಡಿಮೆಯಾದ ಮಾತ್ರಕ್ಕೆ ಪ್ರಶ್ನೆಯೊಳಗಿನ ಮನೆ ಬದಲಾಗದು. ‘ನಮಗೆ ಅನ್ವಯಿಸುವುದಿಲ್ಲ’ ಎಂಬ ಉತ್ತರಕ್ಕೂ ಅದರಲ್ಲಿ ಅವಕಾಶವಿದೆ. ಆದರೆ ಹಾಗೆ ಗುರುತು ಹಾಕಿದ್ದನ್ನು ಸರಾಸರಿ ತೆಗೆಯುವಾಗ ಕೈಬಿಡುತ್ತಾರೆ. ನಮ್ಮ ವಿಮರ್ಶೆ ಶುರುವಾಗಬೇಕಾದದ್ದು ಆ ಕೈಬಿಟ್ಟ ಉತ್ತರಗಳಿಂದ.