ಎತ್ತರವಲ್ಲ, ಏರಿಳಿತ

ಸಂಘದ ವಾರ್ಷಿಕೋತ್ಸವದ ನಾಟಕ, ಊರಿನಿಂದ ಬಂದ ವಿದ್ವಾಂಸರ ಕಚೇರಿ, ಹೊಸದಾಗಿ ಅಚ್ಚಾದ ಕಾದಂಬರಿ ಇವುಗಳ ವಿಮರ್ಶೆ ಈ ಪುಟದಲ್ಲಿ ಬರುವುದು ವಾಡಿಕೆ. ಈ ಸಲ ನಾನು ಎತ್ತಿಕೊಂಡಿರುವ ವಸ್ತುವನ್ನು ಕೇಳಿ ಕೆಲವರು ನಕ್ಕಾರು. ಅದು ಅಮೆರಿಕದ ಪಾರ್ಕುಗಳಲ್ಲಿರುವ ರೋಲರ್ ಕೋಸ್ಟರ್. ಇದೂ ವಿಮರ್ಶೆಗೆ ತಕ್ಕ ವಸ್ತುವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ನಾಟಕಕ್ಕೆ ಒಬ್ಬ ಕರ್ತೃ, ಒಂದು ರಂಗ, ಒಬ್ಬ ಪ್ರೇಕ್ಷಕ ಬೇಕು. ಇಲ್ಲಿ ಮೂರೂ ಉಂಟು. ಪ್ರೇಕ್ಷಕನನ್ನು ಕುರ್ಚಿಗೆ ಕಟ್ಟಿಹಾಕುವುದೊಂದೇ ಇಲ್ಲಿ ಹೆಚ್ಚಿನದು. ಆ ಅನುಕೂಲ ನಮ್ಮ ಕೆಲವು ನಾಟಕಗಳಿಗೂ ಇದ್ದಿದ್ದರೆ ಚೆನ್ನಾಗಿತ್ತು.

ಪುಣೆಯ ಕೇಂದ್ರ ಸರ್ಕಾರಿ ಕಚೇರಿಯ ಗುಮಾಸ್ತನೊಬ್ಬ ಅಲ್ಲಿಗೆ ಹೋದದ್ದು ಹೇಗೆಂಬುದನ್ನು ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗ ಪುಣೆಯಲ್ಲೇ ಹುಟ್ಟಿ ಬೆಳೆದವನು, ಈಗ ಓಹಾಯೋದಲ್ಲಿ ಇಂಜಿನಿಯರು. 2025ರ ಜೂನ್‌ನಲ್ಲಿ ಟಿಕೆಟ್ ಕಳಿಸಿ, "ಮಾಮಾ, ಈ ಸಲ ಬರಲೇಬೇಕು" ಎಂದ. ರಜೆಯ ಅರ್ಜಿ, ವಿದೇಶ ಪ್ರಯಾಣದ ಅನುಮತಿ, ವೀಸಾ ಎಲ್ಲ ಮುಗಿಸಿ ಹೋದೆ. ನಯಾಗರಾ ತೋರಿಸುತ್ತಾನೆಂದುಕೊಂಡಿದ್ದರೆ, ಇಂಗ್ಲೆಂಡಿನಿಂದ ಬಂದಿದ್ದ ಹನ್ನೊಂದು ಜನರ ತಂಡವೊಂದರ ಜೊತೆ ನನ್ನನ್ನೂ ಸೇರಿಸಿದ. ರೋಲರ್ ಕೋಸ್ಟರ್ ಹತ್ತುವುದಕ್ಕೆಂದೇ ಸಾಗರ ದಾಟಿ ಬಂದ ತಂಡ ಅದು. ಹತ್ತು ದಿನಗಳ ಅವರ ಪ್ರವಾಸದಲ್ಲಿ ನಾಲ್ಕು ದಿನ ನಾನೂ ಇದ್ದೆ. ಎರಡು ಪಾರ್ಕು ಕಂಡೆ, ಮೂರು ಕೋಸ್ಟರುಗಳನ್ನು ಮನಸ್ಸಿಟ್ಟು ಅನುಭವಿಸಿದೆ. ಆ ಮೂರರ ವಿಮರ್ಶೆ ಇದು.

ಮೊದಲು ತಂಡದ ವಿಷಯ. ಇಂಥ ಹವ್ಯಾಸಿಗಳ ಸಂಘಗಳು ಪಶ್ಚಿಮದಲ್ಲಿ ಹಳೆಯವು. ಅಮೆರಿಕದ ದೊಡ್ಡ ಸಂಘ ಹುಟ್ಟಿದ್ದು 1978ರಲ್ಲಿ. ನೆಲಸಮವಾಗಲಿದ್ದ ಹಳೆಯ ಮರದ ಕೋಸ್ಟರುಗಳನ್ನು ಉಳಿಸಲು ಅವರು ದುಡಿದದ್ದು ನಿಜವಾಗಿಯೂ ಮೆಚ್ಚತಕ್ಕದ್ದು. ಆದರೆ ಅವರಲ್ಲೊಂದು ರೋಗವೂ ಉಂಟು: ಲೆಕ್ಕ. ಹತ್ತಿಳಿದ ಪ್ರತಿಯೊಂದು ಕೋಸ್ಟರಿಗೂ ಒಂದು 'ಕ್ರೆಡಿಟ್'. ನಮ್ಮ ತಂಡದ ಯುವಕನೊಬ್ಬನ ಖಾತೆಯಲ್ಲಿ ಆರುನೂರು ದಾಟಿತ್ತು. ಮಕ್ಕಳು ಕೂರುವ ಪುಟ್ಟ ರೈಲನ್ನೂ ಆತ ಮೊಣಕಾಲು ಮಡಿಚಿ ಹತ್ತಿದ. ಇಳಿದೊಡನೆ ಪುಸ್ತಕದಲ್ಲಿ ಬರೆದುಕೊಂಡ. ಹೇಗಿತ್ತೆಂದು ಕೇಳಿದರೆ, "ಆಯಿತು" ಎಂದ. ಹನ್ನೆರಡು ದಿನದಲ್ಲಿ ಇಪ್ಪತ್ತೆಂಟು ಕ್ಷೇತ್ರ ತೋರಿಸುವ ನಮ್ಮ ಯಾತ್ರಾ ಬಸ್ಸುಗಳು ನೆನಪಾದವು. ದೇವರ ಮುಖ ನೆನಪಿರುವುದಿಲ್ಲ, ಪಟ್ಟಿ ಮಾತ್ರ ಪೂರ್ತಿಯಾಗಿರುತ್ತದೆ. ಇಪ್ಪತ್ತು ವರ್ಷ ಕಡತಗಳ ಲೆಕ್ಕ ಬರೆದವನಾದ್ದರಿಂದ ಒಂದು ಮಾತು ಹೇಳಬಲ್ಲೆ: ಲೆಕ್ಕ ಸರಿಯಿದ್ದ ಮಾತ್ರಕ್ಕೆ ಕೆಲಸ ಆಗಿದೆಯೆಂದು ಅರ್ಥವಲ್ಲ.

ಇನ್ನು ಈ ಕಲೆಯ ಪೂರ್ವೋತ್ತರ. ರಷ್ಯದಲ್ಲಿ ಚಳಿಗಾಲಕ್ಕೆ ಮರದ ಅಟ್ಟ ಕಟ್ಟಿ, ಅದರ ಇಳಿಜಾರಿಗೆ ನೀರು ಹೊಯ್ದು ಹೆಪ್ಪುಗಟ್ಟಿಸಿ ಜಾರುತ್ತಿದ್ದರು. ಅದನ್ನು ಕಂಡ ಫ್ರೆಂಚರು ಇಂದಿಗೂ ರೋಲರ್ ಕೋಸ್ಟರಿಗೆ 'ರಷ್ಯದ ಬೆಟ್ಟ' ಎನ್ನುತ್ತಾರೆ. ಸ್ವಾರಸ್ಯವೆಂದರೆ ರಷ್ಯನ್ನರು ಅದನ್ನೇ 'ಅಮೆರಿಕದ ಬೆಟ್ಟ' ಎಂದು ಕರೆಯುತ್ತಾರೆ. ಅಮೆರಿಕದಲ್ಲಿ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ನಿಲ್ಲಿಸಿದ ಹಳಿಗಾಡಿಯ ವೇಗ ಗಂಟೆಗೆ ಆರು ಮೈಲಿ, ಅಂದರೆ ಸೈಕಲ್ಲಿಗಿಂತ ಕಡಿಮೆ. ಐದು ಸೆಂಟು ಕೊಟ್ಟು ಜನ ಮುಗಿಬಿದ್ದರು. ಜಾನ್ ಮಿಲ್ಲರ್ ಎಂಬ ಇಂಜಿನಿಯರು ಹಳಿಯ ಕೆಳಭಾಗವನ್ನು ಹಿಡಿದುಕೊಳ್ಳುವ ಮತ್ತೊಂದು ಜೊತೆ ಗಾಲಿಗೆ 1919ರಲ್ಲಿ ಪೇಟೆಂಟ್ ಪಡೆದ. ಗಾಡಿ ಇನ್ನು ಹಳಿ ಬಿಟ್ಟು ಹಾರಲಾರದು ಎಂದಾದ ಮೇಲೆಯೇ ಅದನ್ನು ಹಾರಿಸುವಂತೆ ಹಳಿ ಬಾಗಿಸುವ ಧೈರ್ಯ ಬಂದದ್ದು. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಉಕ್ಕಿನ ಕೊಳವೆಯ ಹಳಿಯನ್ನು ತಂದಿತು; ಅಲ್ಲಿಂದ ಮರದ್ದೊಂದು ಪಂಥ, ಉಕ್ಕಿನದೊಂದು ಪಂಥ ಎಂದು ಎರಡಾಯಿತು.

ನಾನು ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಕಚೇರಿಯಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿರಲಿಲ್ಲ, ಇಲ್ಲಿ ಬಂತು. ಗಾಡಿಗೆ ಇಂಜಿನ್ನಿಲ್ಲ. ಸರಪಣಿಯೊಂದು ಮೊದಲ ಶಿಖರಕ್ಕೆ ಎಳೆದು ಬಿಡುತ್ತದೆ. ಮುಂದಿನದೆಲ್ಲ ಆ ಎತ್ತರದಲ್ಲಿ ಕೂಡಿಟ್ಟ ಶಕ್ತಿಯ ಖರ್ಚು. ದಿಬ್ಬದ ತಲೆಯಲ್ಲಿ ಹಳಿಯ ಬಾಗು, ಎಸೆದ ಕಲ್ಲು ಹಿಡಿಯುವ ದಾರಿಗಿಂತ ಕಡಿದಾಗಿದ್ದರೆ ನಮ್ಮ ದೇಹ ಮೇಲೆ ಹೋಗಲು ನೋಡುತ್ತದೆ, ಗಾಡಿ ಕೆಳಗಿಳಿಯುತ್ತದೆ. ಆ ಕ್ಷಣ ಆಸನಕ್ಕೂ ನಮಗೂ ಸಂಬಂಧ ತಪ್ಪಿ, ತೊಡೆಯ ಮೇಲಿನ ಕಂಬಿಯೊಂದೇ ಆಧಾರ. ಕಣಿವೆಯ ತಳದಲ್ಲಾದರೆ ನಮ್ಮ ತೂಕ ಎರಡು ಮೂರು ಪಟ್ಟು. ಹಗುರ, ಭಾರ, ಹಗುರ, ಭಾರ. ಈ ಕಲೆಗಿರುವುದು ಎರಡೇ ಸ್ವರ. ಆ ಎರಡನ್ನು ಯಾವ ಕ್ರಮದಲ್ಲಿ, ಎಷ್ಟು ಬಿಡುವಿನಲ್ಲಿ ನುಡಿಸುತ್ತಾರೆ ಎಂಬುದರಲ್ಲೇ ಎಲ್ಲ ಇದೆ. ನಮ್ಮ ಆಲಂಕಾರಿಕರು ಭಯ ಬೇರೆ, ಭಯಾನಕ ರಸ ಬೇರೆ ಎಂದರು. ಹುಲಿ ಎದುರಾದರೆ ಭಯ. ರಂಗದ ಮೇಲೆ ಹುಲಿವೇಷ ಬಂದಾಗ ಆಗುವುದು ರಸ. ಗಾಡಿ ಬೀಳದೆಂದು ಬುದ್ಧಿಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ. ಆ ಅಂತರದಲ್ಲಿ ಹುಟ್ಟುವುದೇ ಇದರ ರಸ.

ಮೊದಲನೆಯದು ಓಹಾಯೋದ ಸ್ಯಾಂಡಸ್ಕಿಯಲ್ಲಿ, ಈರಿ ಸರೋವರದೊಳಗೆ ಚಾಚಿಕೊಂಡ ನೆಲದ ಮೇಲಿರುವ ಸೀಡರ್ ಪಾಯಿಂಟ್ ಪಾರ್ಕಿನ 'ಮಿಲೆನಿಯಂ ಫೋರ್ಸ್'. 2000ದಲ್ಲಿ ಬಂದ ಉಕ್ಕಿನ ಕೋಸ್ಟರು. ಎತ್ತರ 310 ಅಡಿ, ವೇಗ ಗಂಟೆಗೆ 93 ಮೈಲಿ. ಸುತ್ತು ಪೂರ್ತಿಮಾಡಿ ಮರಳುವ ಕೋಸ್ಟರುಗಳಲ್ಲಿ ಮುನ್ನೂರು ಅಡಿ ದಾಟಿದ ಮೊದಲನೆಯದು. ಏರುವಾಗ ಪಕ್ಕದಲ್ಲಿ ಸರೋವರ ಕಡಲಿನಂತೆ ಹರಡಿಕೊಳ್ಳುತ್ತದೆ. ನನ್ನ ಆಯುಷ್ಯದಲ್ಲಿ ನಾನು ಕಂಡ ಅತ್ಯಂತ ಸುಂದರ ದೃಶ್ಯಗಳಲ್ಲಿ ಅದೊಂದು. ಬಳಿಕ ಹೆಚ್ಚು ಕಡಿಮೆ ನೆಟ್ಟಗೆ ಕೆಳಕ್ಕೆ. ಕೂಗಬೇಕೆಂದು ಬಾಯಿ ತೆರೆದೆ, ಗಾಳಿ ಒಳನುಗ್ಗಿತು, ಕೂಗು ಹೊರಬರಲಿಲ್ಲ. ಇಷ್ಟು ಸರಿ. ಆದರೆ ಮೊದಲ ಇಳಿತದಲ್ಲೇ ಹೇಳಬೇಕಾದುದೆಲ್ಲ ಹೇಳಿಯಾಗಿರುತ್ತದೆ. ಮುಂದಿನ ತಿರುವುಗಳಲ್ಲಿ ವೇಗವಿದೆ, ಆಶ್ಚರ್ಯ ಕಡಿಮೆ. ಪಲ್ಲವಿಯಲ್ಲೇ ತಾರಸ್ಥಾಯಿ ಮುಟ್ಟಿದ ಗಾಯಕನಿಗೆ ಚರಣದಲ್ಲಿ ಉಳಿಯುವುದೇನು?

ಎತ್ತರದ ಹುಚ್ಚಿನ ಗತಿ ಏನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನ್ಯೂಜೆರ್ಸಿಯ ಪಾರ್ಕೊಂದರಲ್ಲಿ 2005ರಲ್ಲಿ 'ಕಿಂಗ್ಡಾ ಕಾ' ಎಂಬುದನ್ನು 456 ಅಡಿಗೆ ನಿಲ್ಲಿಸಿದರು; ವೇಗ ಗಂಟೆಗೆ 128 ಮೈಲಿ. ಒಂದು ಶಿಖರ, ಒಂದು ಇಳಿತ, ಮತ್ತೊಂದು ದಿಬ್ಬ, ಮುಗಿಯಿತು. 2024ರಲ್ಲಿ ಅದನ್ನು ನಿಲ್ಲಿಸಿದರು. 2025ರ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ದಾಖಲೆಯ ಆಯುಷ್ಯ ಮುಂದಿನ ದಾಖಲೆಯವರೆಗೆ. ರಚನೆಯ ಆಯುಷ್ಯ ಬೇರೆ.

ಎರಡನೆಯದು ಅದೇ ಸೀಡರ್ ಪಾಯಿಂಟಿನ 'ಸ್ಟೀಲ್ ವೆಂಜೆನ್ಸ್'. ಇದರ ಕಥೆಯೇ ಬೇರೆ. ಅಲ್ಲಿ 1991ರಿಂದ 'ಮೀನ್ ಸ್ಟ್ರೀಕ್' ಎಂಬ ಮರದ ಕೋಸ್ಟರು ಇತ್ತು. ಅದರ ಕುಲುಕಾಟಕ್ಕೆ ಮೈಕೈ ನೋವೆಂದು ಜನ ದೂರವಾದರು. ಅದನ್ನು ಕೆಡವಲಿಲ್ಲ. ಹಳೆಯ ಮರದ ಚೌಕಟ್ಟಿನ ಬಹುಭಾಗವನ್ನು ಇಟ್ಟುಕೊಂಡು, ಮೇಲೆ ಉಕ್ಕಿನ ಹಳಿ ಹೊಂದಿಸಿ 2018ರಲ್ಲಿ ಹೊಸದಾಗಿ ತೆರೆದರು. 205 ಅಡಿ ಎತ್ತರ. ನಾಲ್ಕು ಕಡೆ ತಲೆಕೆಳಗು. ಗಾಡಿ ತನ್ನದೇ ಮರದ ತೊಲೆಗಳ ಕಾಡಿನೊಳಗೆ ನುಗ್ಗಿ ಹೊರಳುವಾಗ ತೊಲೆ ತಲೆಗೆ ಬಡಿದೇಬಿಟ್ಟಿತೆಂದು ನಾಲ್ಕೈದು ಸಲ ಕುತ್ತಿಗೆ ಒಳಗೆಳೆದುಕೊಂಡೆ. ಕಲ್ಪನೆಯ ಸಮೃದ್ಧಿಯಲ್ಲಿ ಇದಕ್ಕೆ ಸಮನಾದುದನ್ನು ನಾನು ಕಾಣಲಿಲ್ಲ. ದೋಷವೂ ಅದೇ. ಒಂದು ಬೆರಗು ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಬಂದು ತಳ್ಳುತ್ತದೆ. ಇಳಿದ ಮೇಲೆ ಅಕ್ಕನ ಮಗ ಕೇಳಿದ: "ಕಸಾ ಅನಿಸ್ತು ಮಾಮಾ?" ನಕ್ಕುಬಿಟ್ಟೆ. ಅವನ ಕನ್ನಡವೂ ಹೀಗೆಯೇ: ಚೌಕಟ್ಟು ನಮ್ಮದು, ಹಳಿ ಪುಣೆಯದು, ವೇಗ ಅಮೆರಿಕದ್ದು. ಆದರೂ ಓಡುತ್ತದೆ.

ಮರುದಿನ ಇಡೀ ಹಗಲು ಪ್ರಯಾಣ ಮಾಡಿ ಪೆನ್ಸಿಲ್ವೇನಿಯದ ಎಲಿಸ್‌ಬರ್ಗ್ ಎಂಬ ಸಣ್ಣ ಊರಿನ ಬಳಿಯ ನೋಬಲ್ಸ್ ಪಾರ್ಕಿಗೆ ಬಂದೆವು. 1926ರಿಂದ ಒಂದೇ ಮನೆತನದವರು ನಡೆಸುತ್ತಿರುವ, ಮರಗಳ ನೆರಳಿನ ಪಾರ್ಕು. ಬಾಗಿಲಲ್ಲಿ ಟಿಕೆಟ್ಟಿಲ್ಲ, ಹತ್ತಿದ್ದಕ್ಕೆ ಮಾತ್ರ ಹಣ. ರಂಕಲರಾಟೆ, ತಿಂಡಿ ಅಂಗಡಿ, ಬುತ್ತಿ ಬಿಚ್ಚಿ ಕೂತ ಸಂಸಾರಗಳು. ನಮ್ಮ ಕಡೆಯ ಜಾತ್ರೆಯ ಕಳೆ. ಮೂರನೆಯದಾದ 'ಫೀನಿಕ್ಸ್' ಇರುವುದು ಇಲ್ಲಿ. ಎತ್ತರ 78 ಅಡಿ, ವೇಗ 45 ಮೈಲಿ. ಹಿಂದಿನ ಎರಡನ್ನು ಕಂಡವನಿಗೆ ಈ ಅಂಕಿಗಳನ್ನು ಕೇಳಿ ನಗು ಬಂದೀತು. ನನಗೂ ಬಂದಿತ್ತು.

ಇದು ಹುಟ್ಟಿದ್ದು ಇಲ್ಲಲ್ಲ. 1947ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿ 'ರಾಕೆಟ್' ಎಂಬ ಹೆಸರಿನಲ್ಲಿ ಹುಟ್ಟಿತು. ಇದನ್ನು ರಚಿಸಿದವನು ಹರ್ಬರ್ಟ್ ಷ್ಮೆಕ್. 1980ರಲ್ಲಿ ಆ ಪಾರ್ಕು ಮುಚ್ಚಿತು. ಮರದ ರಾಶಿ ಬಿಸಿಲಿನಲ್ಲಿ ಅನಾಥವಾಗಿ ನಿಂತಿತು. ನೋಬಲ್ಸ್‌ನವರು ಅದನ್ನು ಕೊಂಡು, ಹಲಗೆಗಳಿಗೆ ಸಂಖ್ಯೆ ಹಾಕಿ ಬಿಚ್ಚಿಸಿ, ಸಾವಿರದ ಐನೂರು ಮೈಲಿಗೂ ಹೆಚ್ಚು ದೂರ ಸಾಗಿಸಿ, 1985ರಲ್ಲಿ ಇಲ್ಲಿ ಮರಳಿ ನಿಲ್ಲಿಸಿದರು. ಬೂದಿಯಿಂದೆದ್ದ ಹಕ್ಕಿಯ ಹೆಸರಿಟ್ಟರು.

ಈಗ ರಚನೆ ನೋಡಿ. ಗಾಡಿ ಹೊರಟೊಡನೆ ಕತ್ತಲ ಸುರಂಗ. ಏನೂ ಆಗುವುದಿಲ್ಲ, ಕತ್ತಲು, ಗಾಲಿಯ ಸದ್ದು, ಮುಂದಿನ ಮಕ್ಕಳ ಪಿಸುಮಾತು ಅಷ್ಟೆ. ಇದು ಆಲಾಪನೆ. ಬೆಳಕಿಗೆ ಬಂದಾಗ ಸರಪಣಿ ಹಿಡಿಯುತ್ತದೆ. ಮೊದಲ ಇಳಿತ ಹದವಾಗಿದೆ, ಹೆದರಿಸುವುದಿಲ್ಲ, ನಂಬಿಕೆ ಹುಟ್ಟಿಸುತ್ತದೆ. ನಂಬಿಕೆ ಹುಟ್ಟಿದ ಮೇಲೆ ಅದನ್ನು ಮುರಿಯಲು ತೊಡಗುತ್ತದೆ. ಒಂದು ದಿಬ್ಬ ಇಳಿಯಿತು ಎನ್ನುವಾಗ ಅರ್ಧದಲ್ಲಿ ನಿಂತಂತಾಗಿ ಮತ್ತೊಮ್ಮೆ ಇಳಿಯುತ್ತದೆ. ಕೊನೆಗೆ ಸಾಲುಸಾಲು ಸಣ್ಣ ದಿಬ್ಬಗಳು. ಪ್ರತಿಯೊಂದರಲ್ಲೂ ಆಸನ ಬಿಟ್ಟು ಏಳುತ್ತೇವೆ. ಉಕ್ಕಿನ ಹಳಿ ಎಲ್ಲ ಸಲವೂ ಒಂದೇ ತರಹ ಓಡುತ್ತದೆ, ಮರ ಹಾಗಲ್ಲ. ಅದು ಬಾಗುತ್ತದೆ, ನರಳುತ್ತದೆ. ಬೆಳಿಗ್ಗೆ ಒಂದು ಬಗೆ, ಬಿಸಿಲೇರಿದ ಮೇಲೆ ಇನ್ನೊಂದು ಬಗೆ. ಎತ್ತರ ಕಡಿಮೆಯಾದಂತೆ ವೇಗವೂ ಕಡಿಮೆಯಾಗಬೇಕು. ಆದರೆ ಆನಂದ ಕೊನೆಯವರೆಗೂ ಏರುತ್ತಲೇ ಹೋಗುತ್ತದೆ. 78 ಅಡಿಯ ಬಂಡವಾಳದಲ್ಲಿ ಒಂದು ಕಾಸನ್ನೂ ಪೋಲು ಮಾಡದ ಸಂಸಾರ ಇದು. ಸಂಬಳದ ಮೇಲೆ ಮನೆ ನಡೆಸುವವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ತಂಡದಲ್ಲಿ ಎಪ್ಪತ್ತು ದಾಟಿದ ಮುದುಕರೊಬ್ಬರಿದ್ದರು. ಅವರ ಬಳಿ ಪುಸ್ತಕವಿರಲಿಲ್ಲ. ಇತರರು ಪಟ್ಟಿಯ ಬೆನ್ನು ಹತ್ತಿದಾಗ ಅವರು ಫೀನಿಕ್ಸಿನ ಕೊನೆಯ ಆಸನದಲ್ಲಿ ಆರು ಸಲ ಕುಳಿತರು. ಏಳನೆಯ ಸಲ ನಾನು ಪಕ್ಕದಲ್ಲಿದ್ದೆ. ಅವರು ಕಣ್ಣು ಮುಚ್ಚಿದ್ದರು. ಇಳಿದ ಮೇಲೆ ಕೇಳಿದ್ದಕ್ಕೆ, "ಕಿವಿಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ" ಎಂದರು. ಆರುನೂರು ಕ್ರೆಡಿಟ್ಟಿನ ಯುವಕನಿಗಿಂತ ಈ ಏಳು ಸಲದ ಮುದುಕರೇ ರಸಿಕರು ಎಂಬುದು ನನ್ನ ತೀರ್ಪು.

ಇಷ್ಟು ಹೊಗಳಿದ ಮೇಲೆ ಆಕ್ಷೇಪಣೆಯನ್ನೂ ಹೇಳಬೇಕು. ಎರಡು ನಿಮಿಷದ ಸವಾರಿಗೆ ಒಂದೂವರೆ ಗಂಟೆ ಸಾಲಿನಲ್ಲಿ ನಿಲ್ಲುವುದು ರೇಷನ್ ಕಾಲ ಕಂಡವರಿಗೂ ಹೆಚ್ಚೆನಿಸುತ್ತದೆ. ಇದಕ್ಕಾಗಿಯೇ ಸಾಗರ ದಾಟಿರೆಂದು ಯಾರಿಗೂ ಹೇಳಲಾರೆ. ರಕ್ತದೊತ್ತಡ, ಬೆನ್ನುನೋವು ಇದ್ದವರು ಫಲಕದಲ್ಲಿ ಬರೆದದ್ದನ್ನು ಓದಿ ಬೆಂಚಿನ ಮೇಲೆ ಕೂರುವುದೇ ವಿವೇಕ. ಆದರೆ ಮಕ್ಕಳಿದ್ದಲ್ಲಿಗೆ ಹೋದವರು ಒಮ್ಮೆ ನೋಡಬಹುದು; ಹೋದಾಗ ಎತ್ತರ ಕೇಳಬೇಡಿ, ಏರಿಳಿತ ಕೇಳಿ.

ಊರಿಗೆ ಬಂದ ಮೇಲೂ ಒಂದು ದೃಶ್ಯ ಬಿಡಲಿಲ್ಲ. ಸಂಜೆ ಪಾರ್ಕು ಮುಚ್ಚುವ ಹೊತ್ತಿಗೆ ಫೀನಿಕ್ಸಿನ ಪಕ್ಕದಲ್ಲಿ ನಡೆದಾಗ, ಕಪ್ಪಾದ ಹಲಗೆಗಳ ನಡುವೆ ಅಲ್ಲಲ್ಲಿ ಹೊಸ ಹಲಗೆ ಬೆಳ್ಳಗೆ ಕಾಣುತ್ತಿತ್ತು. ಮರದ ಕೋಸ್ಟರು ಹಾಗೆಯೇ ಬದುಕುವುದು: ಪ್ರತಿ ವರ್ಷ ಹದಗೆಟ್ಟದ್ದನ್ನು ತೆಗೆದು ಹೊಸದು ಹೊಡೆಯುತ್ತಾರೆ. ಟೆಕ್ಸಸ್ಸಿನ ಮರ ಸವೆಯುತ್ತ ಹೋದರೂ ಷ್ಮೆಕ್ ಕೊಟ್ಟ ಬಾಗು ಉಳಿದಿದೆ. ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲಾರಳು. ಹತ್ತನೆಯ ತರಗತಿಯ ಓದಿನ ನಡುವೆ ಸಂಘದ ಭಾನುವಾರದ ಕನ್ನಡ ಪಾಠ ಯಾಕೆಂದು ಹೋಗುವ ಮೊದಲು ನಾನೇ ಅವಳ ಹೆಸರು ಬಿಡಿಸಿದ್ದೆ. ಮರಳಿ ಬಂದ ವಾರ ಮತ್ತೆ ಬರೆಸಿ ಬಂದೆ. "ಯಾಕೆ ಅಪ್ಪಾ?" ಎಂದಳು. ಒಂದು ಹಲಗೆ ಬದಲಾಯಿಸಬೇಕಿತ್ತು ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಈ ಲೇಖನವನ್ನು ತಾನೇ ಓದುವ ದಿನ ಆದೀತು.