ಮೂರು ಚಿತ್ರಗಳಲ್ಲಿ ಅಪರಕ್ರಿಯೆ

ಕಳೆದ ಒಂದು ವರ್ಷದಲ್ಲಿ ನಾನು ನೋಡಿದ ಚಲಚ್ಚಿತ್ರಗಳು ಹಲವು. ಮನಸ್ಸಿನಲ್ಲಿ ನಿಂತವು ಮೂರು. ಮೂರೂ ಸಾವಿನ ಕ್ರಿಯೆಯನ್ನು ಕುರಿತವಾದದ್ದು ಆಕಸ್ಮಿಕವೆಂದು ಮೊದಲು ತೋರಿತು. ನಮ್ಮ ತಂದೆಯವರು ತೀರಿಕೊಂಡ ವರ್ಷವಾದುದರಿಂದ ನಾನೇ ಅವನ್ನು ಅರಸಿಕೊಂಡು ಹೋದೆನೋ ಏನೋ.

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲಿ (1970) ನಾರಣಪ್ಪನ ಶವ ಅಗ್ನಿಗಾಗಿ ಕಾದಿದೆ, ಅಗ್ರಹಾರ ಶಾಸ್ತ್ರದ ತೀರ್ಪಿಗಾಗಿ ಕಾದಿದೆ. ಅನಂತಮೂರ್ತಿಯವರ ಕಾದಂಬರಿಯನ್ನು ಓದಿದವರಿಗೆ ಒಂದು ಕೊರತೆ ಕಾಣದಿರದು. ಅಲ್ಲಿ ಪ್ರಾಣೇಶಾಚಾರ್ಯರು ತಮ್ಮೊಡನೆ ತಾವೇ ಹೂಡುವ ವಾದವು ಇಲ್ಲಿ ಬಹುಮಟ್ಟಿಗೆ ಗಿರೀಶ ಕಾರ್ನಾಡರ ಮುಖಮುದ್ರೆಯಲ್ಲಿಯೇ ಅಡಗಿಹೋಗಿದೆ. ಚಿತ್ರ ಗೌರವಾರ್ಹವಾದುದು; ನನ್ನನ್ನು ಕಲಕಲಿಲ್ಲ.

ಕಲಕಿದುದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದರ ಜೀರ್ಣೋದ್ಧಾರಗೊಂಡ ಪ್ರತಿ ಪ್ರದರ್ಶಿತವಾಯಿತು; ನನಗೆ ದೊರೆತದ್ದು ಗೀರುಬಿದ್ದ ಹಳೆಯ ಪ್ರತಿಯೇ. ವೇದಪಾಠಕ್ಕೆಂದು ಬಂದ ಬಾಲಕ ನಾಣಿಯ ಕಣ್ಣಿಗೆ ಕಂಡಷ್ಟನ್ನೇ ನಿರ್ದೇಶಕರು ನಮಗೂ ತೋರಿಸುತ್ತಾರೆ. ವಿಧವೆ ಯಮುನೆ ಗರ್ಭಿಣಿಯಾದುದು, ಗರ್ಭವನ್ನು ತೆಗೆಸಿದುದು, ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಆ ಅರ್ಧದಲ್ಲಿಯೇ ಚಿತ್ರದ ಧ್ವನಿ ಇದೆ. ತಂದೆ ಉಡುಪರು ಜೀವಂತ ಮಗಳ ಹೆಸರಿನಲ್ಲಿ ಘಟವನ್ನು ಒಡೆಯುತ್ತಾರೆ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು, “ಬದುಕಿರುವವರಿಗೆ ಶ್ರಾದ್ಧವೇಕಪ್ಪಾ?” ಎಂದು ಕೇಳಿದಳು. ಅದೇ ವರ್ಷ ಹನ್ನೆರಡು ದಿನದ ಕ್ರಿಯೆಯನ್ನು ಮಂತ್ರಾರ್ಥವರಿಯದೆ ಮುಗಿಸಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ರಾಮ್ ರೆಡ್ಡಿಯವರ ‘ತಿಥಿ’ಯನ್ನು (2015) ಆ ಪ್ರಶ್ನೆಯೊಡನೆಯೇ ನೋಡಿದೆ. ಮಂಡ್ಯದ ಕಡೆಯ ಮಾತು ಕರಾವಳಿಯ ನನ್ನ ಕಿವಿಗೆ ಒಗ್ಗದೆ ಕೆಲವು ಸಂಭಾಷಣೆಗಳನ್ನು ಎರಡೆರಡು ಸಲ ಕೇಳಬೇಕಾಯಿತೆಂದು ಒಪ್ಪಿಕೊಳ್ಳುತ್ತೇನೆ. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರುವ ಆಸೆಯಿಂದ, ಬದುಕಿರುವ ತನ್ನ ತಂದೆ ಗಡ್ಡಪ್ಪನಿಗೆ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ, ನಗಬೇಕಾದದ್ದೇ. ಆದರೆ ಬ್ಯಾಂಕಿನಲ್ಲಿ ದಿನವೂ ಮರಣಪತ್ರಗಳನ್ನು ನೋಡಿ ಖಾತೆ ಮುಚ್ಚುವ ನನಗೆ ಇದು ಘಟಶ್ರಾದ್ಧವೇ ಎನಿಸಿತು. ಮಡಕೆಯ ಸ್ಥಾನಕ್ಕೆ ಮೊಹರು ಬಂದಿದೆ, ಅಷ್ಟೆ. ಭೇದವೊಂದುಂಟು: ಯಮುನೆಗೆ ಹೋಗಲು ಎಡೆಯಿಲ್ಲ, ಕಾಗದದಲ್ಲಿ ಸತ್ತ ಗಡ್ಡಪ್ಪನೋ ಕುರಿಗಾಹಿಗಳ ಬೆಂಕಿಯ ಬದಿಯಲ್ಲಿ ಕುಳಿತು ತನ್ನ ಬಾಳಿನ ಕಥೆಯನ್ನು ಹೇಳುತ್ತಾನೆ. ಮೊಮ್ಮಗನ ಪ್ರಣಯಪ್ರಸಂಗ ತುಸು ಉದ್ದವಾಯಿತೆಂಬುದನ್ನು ಬಿಟ್ಟರೆ ಚಿತ್ರದಲ್ಲಿ ನನಗೆ ದೋಷ ಕಾಣಲಿಲ್ಲ.

ವರ್ಷದ ಕೊನೆಗೆ ಮತ್ತೊಮ್ಮೆ ಹಾಕಿ ನೋಡಿದ್ದು ‘ಘಟಶ್ರಾದ್ಧ’ವನ್ನೇ. ಮಗಳೂ ಬಂದು ಕುಳಿತಳು. ತಲೆ ಬೋಳಿಸಿದ ಯಮುನೆ ಮರದಡಿ ಕುಳಿತಿರಲು, ತಂದೆಯೊಡನೆ ಊರಿಗೆ ಹೊರಟ ನಾಣಿ ಅವಳನ್ನು ನೋಡುವಲ್ಲಿ ಚಿತ್ರ ಮುಗಿಯುತ್ತದೆ. ಈ ಸಲ ಅವಳು ಏನನ್ನೂ ಕೇಳಲಿಲ್ಲ.