ಕಿಟಕಿ ಮೂಲೆಯ ಕಣಜ, ಡಾರ್ವಿನ್ನನ ಪ್ರಶ್ನೆ

ಮಹನೀಯರನ್ನು ನೆನೆಯೋದು ಹೇಗೆ ಅಂತ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಪೆರೇಸಂದ್ರದಿಂದ ಹೈವೇ ಹಿಡಿದು ಬೆಂಗಳೂರಿನ ಕಡೆ ಹೊರಟರೆ ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ. ಸೆಪ್ಟೆಂಬರ್ 15 ಬಂತು ಅಂದ್ರೆ ಫೋಟೋ, ಹಾರ, ಭಾಷಣ. ಅವರ ವಿಷಯದಲ್ಲಿ ಇದು ಸುಲಭ, ಬೆರಳು ಮಾಡಿ ತೋರಿಸೋಕೆ ಕನ್ನಂಬಾಡಿ ಕಟ್ಟೆ ಇದೆ. ಜೀವವಿಕಾಸದ ವಿಜ್ಞಾನಿ ಬಿಟ್ಟುಹೋದದ್ದನ್ನು ಎಲ್ಲಿದೆ ಅಂತ ತೋರಿಸೋದು?

ಡಾರ್ವಿನ್ನನ ಹೆಸರಲ್ಲಿ ನಮ್ಮ ಆಫೀಸುಗಳಿಗೆ ತಲುಪಿರೋದು ಹೆಚ್ಚುಕಮ್ಮಿ ಒಂದೇ ಮಾತು: ಸರ್ವೈವಲ್ ಆಫ್ ದ ಫಿಟೆಸ್ಟ್. ಅಪ್ರೈಸಲ್ ಹೊತ್ತಲ್ಲಿ, ಲೇಆಫ್ ಸುದ್ದಿ ಬಂದಾಗ ಯಾರಾದರೊಬ್ಬರು ಇದನ್ನು ಎಸೆದೇ ಎಸೀತಾರೆ. ಆ ಮಾತು ಹುಟ್ಟಿಸಿದ್ದು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡಿದ್ದು 1869ರ ಐದನೇ ಆವೃತ್ತಿಯಲ್ಲಿ. 1859ರ ಮೊದಲ ಆವೃತ್ತಿಯಲ್ಲಿ ಆತನನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು ಇದಕ್ಕೆ ತೀರಾ ಉಲ್ಟಾ. ಇರುವೆ, ಜೇನುಗಳಲ್ಲಿ ಕೆಲಸಗಾತಿಯರು ತಾವು ಮರಿ ಮಾಡದೆ ಇನ್ನೊಬ್ಬಳ ಮರಿಗಳನ್ನು ಸಾಕುತ್ತಾ ಸಾಯುತ್ತವೆ. ಸಂತಾನವೇ ಇಲ್ಲದವರ ಗುಣ ಮುಂದಿನ ತಲೆಮಾರಿಗೆ ದಾಟೋದು ಹೇಗೆ? ಇದು ತನ್ನ ಇಡೀ ಸಿದ್ಧಾಂತಕ್ಕೇ ಮಾರಕ ಅಂತ ಆತನಿಗೆ ಮೊದಮೊದಲು ಅನ್ನಿಸಿತ್ತು.

ಈ ಪ್ರಶ್ನೆಯನ್ನೇ ಬದುಕಿನ ಕೆಲಸ ಮಾಡಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ಅವರ ಎರಡು ಪುಸ್ತಕಗಳ ಬಗ್ಗೆ ಇಲ್ಲಿ ಹೇಳಬೇಕು. 1997ರ ‘ಸರ್ವೈವಲ್ ಸ್ಟ್ರಾಟಜೀಸ್’ ಎಲ್ಲರಿಗೂ. 2001ರ ‘ದ ಸೋಶಿಯಲ್ ಬಯಾಲಜಿ ಆಫ್ ರೋಪಾಲಿಡಿಯಾ ಮಾರ್ಜಿನೇಟ’ ಹಠ ಇರೋರಿಗೆ. ಡಾರ್ವಿನ್ನನಿಗೆ ನಮ್ಮ ನೆಲದಿಂದ ಸಂದ ನಿಜವಾದ ಗೌರವ ಇಂಥ ಕೆಲಸವೇ ಅಂತ ನಾನು ನಂಬಿದ್ದೇನೆ. ಒಂದೆರಡು ತಕರಾರೂ ಇದೆ.

ರೋಪಾಲಿಡಿಯಾ ಅಂದ ತಕ್ಷಣ ಹೆದರಬೇಡಿ. ಕಾಗದದಂಥ ಗೂಡು ಕಟ್ಟೋ ಕಣಜ ಅದು. ತೆಲುಗು ಕನ್ನಡ ಬೆರೆತ ಪೆರೇಸಂದ್ರದ ಕಡೆ ‘ಕಂದಿರೀಗ’ ಅಂದ್ರೆ ಬೇಗ ಅರ್ಥವಾಗುತ್ತೆ. ಕಿಟಕಿ ಸಜ್ಜೆ ಕೆಳಗೆ, ಪಂಪ್‌ಹೌಸ್ ಮೂಲೆಯಲ್ಲಿ ಇಂಥ ಗೂಡು ಕಂಡರೆ ನಮ್ಮಲ್ಲಿ ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಹಿಡಿಯೋದು ರೂಢಿ. ಗದಗಕರ್ ಮತ್ತು ಅವರ ಜೊತೆಗಾರರು ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತೆ ಅಂತ ಬರೆದಿಟ್ಟರು. ಲೆಕ್ಕ ಹಾಕಿದಾಗ ಮೂರು ಗುಂಪು ಕಂಡವು: ಸುಮ್ಮನೆ ಕೂರುವವರು, ಜಗಳಗಂಟಿಯರು, ಹೊರಗೆ ಹೋಗಿ ಆಹಾರ ತರುವವರು. ರಾಣಿ ಇದ್ದದ್ದು ಕೂರುವವರ ಗುಂಪಿನಲ್ಲಿ!

ರಾಣಿಯನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾತಿಯೊಬ್ಬಳು ಏಕಾಏಕಿ ಉಗ್ರಳಾಗುತ್ತಾಳೆ. ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡೋಕೆ ಶುರುಮಾಡಿ ಮತ್ತೆ ಸಾಧುವಾಗುತ್ತಾಳೆ. ಅಂದರೆ ಇಲ್ಲಿ ಕೆಲಸಗಾತಿ ಹುಟ್ಟು ಬಂಜೆಯಲ್ಲ. ಪ್ರಯೋಗಾಲಯದಲ್ಲಿ ಒಂಟಿಯಾಗಿ ಇಟ್ಟಾಗ ಸುಮಾರು ಅರ್ಧದಷ್ಟು ಹೆಣ್ಣುಗಳು ಮೊಟ್ಟೆ ಇಟ್ಟವು. ಹಾಗಿದ್ರೆ ಹೋಗಿ ಸ್ವಂತ ಗೂಡು ಯಾಕೆ ಕಟ್ಟಲ್ಲ?

1964ರಲ್ಲಿ ಹ್ಯಾಮಿಲ್ಟನ್ ಕೊಟ್ಟ ಉತ್ತರ ರಕ್ತಸಂಬಂಧ. ತಂಗಿಯರನ್ನು ಸಾಕಿದರೂ ನಮ್ಮ ವಂಶವಾಹಿಯ ಪಾಲು ಮುಂದೆ ಹೋಗುತ್ತೆ. ಆದರೆ ಈ ಕಣಜದ ರಾಣಿ ಹಲವು ಗಂಡುಗಳ ಜೊತೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಾ ಹೋಗುತ್ತಾರೆ. ಹಾಗಾಗಿ ಗೂಡಿನೊಳಗಿನ ನಂಟು ತೆಳುವಾಗುತ್ತೆ, ರಕ್ತಸಂಬಂಧ ಒಂದರಿಂದಲೇ ಲೆಕ್ಕ ಚುಕ್ತಾ ಆಗಲ್ಲ. ಗದಗಕರ್ 1990ರಲ್ಲಿ ಇನ್ನೊಂದು ಕಾರಣ ಸೇರಿಸಿದರು. ಮೊಟ್ಟೆ ಬೆಳೆದು ಕಣಜವಾಗೋಕೆ ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ನಡುವೆ ಸತ್ತರೆ ಎಲ್ಲಾ ಸೊನ್ನೆ. ಗುಂಪಿನಲ್ಲಿ ಸತ್ತರೆ, ಅವಳು ಅರ್ಧ ಬೆಳೆಸಿದ ಮರಿಯನ್ನು ಉಳಿದವರು ದೊಡ್ಡದು ಮಾಡ್ತಾರೆ. ಅವಳ ದುಡಿಮೆಯ ಪಾಲು ನೀರುಪಾಲಾಗಲ್ಲ.

ಒಗ್ಗಟ್ಟನ್ನು ಇಲ್ಲಿ ಯಾರೂ ಹೊಗಳುತ್ತಿಲ್ಲ. ಸ್ವಂತ ಗೂಡಿನ ದಾರಿಯ ಅಪಾಯವನ್ನೂ ಕೂಡಿ ದುಡಿಯೋ ದಾರಿಯ ಗಳಿಕೆಯನ್ನೂ ತಕ್ಕಡಿಗೆ ಹಾಕಿ ತೂಗಿದ್ದಾರೆ, ಅಷ್ಟೇ.

ಈಗ ತಕರಾರು. ಮೊದಲ ಪುಸ್ತಕದ ಹೆಸರಲ್ಲೇ ಇರೋ ‘ಸ್ಟ್ರಾಟಜಿ’ ನಮ್ಮಂಥವರ ಕೈಗೆ ಸಿಕ್ಕರೆ ಕಷ್ಟ. ಜೀವವಿಜ್ಞಾನಿಗೆ ಅದು ಆಯ್ಕೆಯಾಗಿ ಉಳಿದು ಬಂದ ನಡವಳಿಕೆ. ನಮಗೆ ಅದು ಕಾನ್ಫರೆನ್ಸ್ ರೂಮಿನ ಮಾತು. ಕಣಜ ಕೂತು ಪ್ಲಾನ್ ಮಾಡ್ತಿದೆ ಅನ್ನಿಸಿಬಿಡುತ್ತೆ. ‘ರಾಣಿ’ ಅನ್ನೋ ಪದವೂ ಹಾಗೇ. ಪದ ಗದಗಕರ್ ಅವರದ್ದಲ್ಲ, ಶಾಸ್ತ್ರದ್ದೇ. ಆದರೂ ಸುಮ್ಮನೆ ಕೂತು ಮೊಟ್ಟೆ ಇಡೋ ಒಂದು ಹುಳುವಿಗೆ ಆ ಪದ ಕಿರೀಟ ಇಟ್ಟುಬಿಡುತ್ತೆ. ಫಿಟೆಸ್ಟ್ ಮಾತಿಗೆ ಬದಲಾಗಿ ನಾಳೆ ಯಾರಾದರೂ ‘ಕಣಜದಿಂದ ಕಲಿಯಬೇಕಾದ ಟೀಮ್‌ವರ್ಕ್’ ಅಂತ ಸ್ಲೈಡ್ ಮಾಡಿದರೆ ಅದೂ ಅಷ್ಟೇ ತಪ್ಪು. ಕಣಜ ಹೀಗೆ ಬದುಕುತ್ತೆ ಅನ್ನೋದರಿಂದ ಮನುಷ್ಯ ಹೇಗೆ ಬದುಕಬೇಕು ಅನ್ನೋದು ಹುಟ್ಟಲ್ಲ. ಯಾರನ್ನು ಕೆಲಸದಿಂದ ತೆಗೀಬೇಕು ಅಂತ ನಿರ್ಧರಿಸೋರು ಮನುಷ್ಯರು. ಅದರ ಹೊಣೆಯನ್ನು ಪ್ರಕೃತಿಯ ತಲೆಗೆ ಕಟ್ಟೋಕೆ ಡಾರ್ವಿನ್ ಪರವಾನಗಿ ಕೊಟ್ಟಿಲ್ಲ.

ಅದಕ್ಕೇ ನನ್ನ ಓಟು ಕಷ್ಟದ ಎರಡನೇ ಪುಸ್ತಕಕ್ಕೆ. ಕೋಷ್ಟಕ, ಗ್ರಾಫುಗಳ ನಡುವೆ ನಾನು ಎಷ್ಟೋ ಸಲ ಪುಟ ಮಗುಚಿಟ್ಟು ಎದ್ದಿದ್ದೇನೆ. ಆದರೆ ಅಲ್ಲಿ ನೀತಿಪಾಠ ಹೆಕ್ಕೋಕೆ ಜಾಗವೇ ಸಿಗಲ್ಲ. ಎಣಿಸಿದ್ದೇನು, ಊಹಿಸಿದ್ದೇನು ಅಂತ ಬೇರೆಬೇರೆಯಾಗಿ ಕಾಣುತ್ತೆ, ಒಪ್ಪದಿದ್ದರೆ ಎಲ್ಲಿಂದ ಜಗಳ ಶುರುಮಾಡಬಹುದು ಅನ್ನೋದೂ ಗೊತ್ತಾಗುತ್ತೆ. ಓದುಗನನ್ನು ಇಷ್ಟು ದೊಡ್ಡವನಾಗಿ ಕಾಣೋ ಪುಸ್ತಕಗಳು ಕಡಿಮೆ. ಮೊದಲನೇದನ್ನು ಬಸ್ಸಿನಲ್ಲಿ ಓದಿ, ಎರಡನೇದಕ್ಕೆ ಒಂದು ಮೇಜು, ಪೆನ್ಸಿಲ್ಲು ಬೇಕು. ಜೊತೆಗೆ ಈ ಸಲ ಊರಿಗೆ ಹೋದಾಗ ಸಜ್ಜೆ ಕೆಳಗಿನ ಗೂಡಿಗೆ ಯಾರಾದರೂ ಬೆಂಕಿ ಹಿಡಿಯೋಕೆ ಬಂದರೆ, ಒಂದು ದಿನದ ಮಟ್ಟಿಗೆ ತಡೀರಿ. ದೂರದಲ್ಲಿ ಕೂತು, ಅಲ್ಲಿ ಸುಮ್ಮನೆ ಕೂತಿರೋಳು ಯಾರು ಅಂತ ನೋಡಿ.